ಜರ್ಮನ್ ಬೆಳ್ಳಿ, ಡಚ್ಚರ ಕಕ್ಕಸು

ಮನೆ ರಿಪೇರಿ ಮಾಡಿಸಬೇಕು ಅಂದುಕೊಂಡವರಿಗೆ ದುಡ್ಡಿಗಿಂತ ಮೊದಲು ಬೇಕಾಗುವುದು ಭೂಗೋಳದ ಜ್ಞಾನ. ದುಡ್ಡನ್ನಾದರೂ ಎಲ್ಲಿಂದಲೋ ಸಾಲ ತರಬಹುದು. ಬನಶಂಕರಿ ಎರಡನೇ ಸ್ಟೇಜಿನಲ್ಲಿ ನಮ್ಮಪ್ಪ ಮನೆ ಕಟ್ಟಿಸಿದಾಗ ಈ ಫಜೀತಿ ಇರಲಿಲ್ಲ. ನೆಲಕ್ಕೆ ಕೆಂಪು ಗಾರೆ, ಅಡುಗೆಮನೆ ಕಟ್ಟೆಗೆ ಕಡಪ ಕಲ್ಲು, ಹಿತ್ತಲಿನ ಮಾಡಿಗೆ ಮಂಗಳೂರು ಹೆಂಚು. ಅವರ ಪ್ರಪಂಚ ಪೂರ್ವಕ್ಕೆ ಕಡಪದಲ್ಲಿ ಶುರುವಾಗಿ ಪಶ್ಚಿಮಕ್ಕೆ ಮಂಗಳೂರಲ್ಲಿ ಮುಗಿಯುತ್ತಿತ್ತು. ಆ ಮಂಗಳೂರು ಹೆಂಚನ್ನು ಶುರುಮಾಡಿದವರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಎಂದು ಅಪ್ಪನಿಗೆ ಹೇಳುವ ಧೈರ್ಯ ನಾನಂತೂ ಮಾಡಲಿಲ್ಲ.

ಈಗಿನ ಮೇಸ್ತ್ರಿ ಬಂದವರೇ ಟೇಪು ಹಿಡಿದು ಮನೆಯೆಲ್ಲ ಅಳೆದರು. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಒಂದೇ ಉಸಿರಿಗೆ ಕೇಳಿದರು. "ಸಾರ್, ಹಾಲಿಗೆ ಇಟಾಲಿಯನ್ನಾ? ಬಾಲ್ಕನಿಗೆ ಫ್ರೆಂಚ್ ವಿಂಡೋನಾ? ಸೀಲಿಂಗಿಗೆ ಪ್ಯಾರಿಸ್ಸಾ? ಬಾತ್ರೂಮಿಗೆ ಇಂಡಿಯನ್ನಾ, ವೆಸ್ಟರ್ನಾ?"

ನಾನು ಗಂಭೀರವಾಗಿ ತಲೆಯಾಡಿಸಿದೆ. ಅರ್ಥವಾಗದ ವಿಷಯಕ್ಕೆ ಗಂಭೀರವಾಗಿ ತಲೆಯಾಡಿಸುವ ವಿದ್ಯೆಯನ್ನು ಬ್ಯಾಂಕಿನ ನೌಕರಿಯಲ್ಲಿ ಕಲಿತು, ಅದರ ಮೇಲೆಯೇ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ.

ಇಲ್ಲಿ ನನ್ನ ಒಂದು ಚಟದ ಬಗ್ಗೆ ಹೇಳಿಬಿಡಬೇಕು. ಯಾರಾದರೂ ಒಂದು ಪದ ಹೇಳಿದರೆ ಅದು ಎಲ್ಲಿಂದ ಬಂತು ಎಂದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೇಳಿದರೆ ಮನೆಯವರಿಗೆ ಸೇರುವುದಿಲ್ಲ. ನಿಘಂಟು ಎಂದರೆ ಜಿ. ವೆಂಕಟಸುಬ್ಬಯ್ಯನವರು ಎನ್ನುವ ಹಾಗೆ ಬದುಕಿ, 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಬರೆದು, 107 ವರ್ಷ ತುಂಬಿಸಿ 2021ರಲ್ಲಿ ಹೋದ ಆ ಹಿರಿಯರು ಇದ್ದದ್ದು ಪಕ್ಕದ ಜಯನಗರದಲ್ಲಿ. ಅವರ ಪಕ್ಕದ ಬಡಾವಣೆಯವನು ಎಂಬುದೊಂದೇ ಭಾಷಾವಿಷಯದಲ್ಲಿ ನನಗಿರುವ ಅರ್ಹತೆ. ಅಷ್ಟು ಸಾಲದೆ ಎಂದು ನನ್ನ ವಾದ. ಸಾಲದು ಎಂದು ಮನೆಯಾಕೆಯ ತೀರ್ಪು.

ಹಾಗಾಗಿ ಮೇಸ್ತ್ರಿ ಇಟಲಿ, ಫ್ರಾನ್ಸು ಅನ್ನುತ್ತಿದ್ದ ಹಾಗೆ ನಾನು, "ನೀವೇ ಪೋರ್ಚುಗೀಸು ಗೊತ್ತಾ ಮೇಸ್ತ್ರಿ?" ಎಂದೆ.

"ಇಲ್ಲ ಸಾರ್, ನಮ್ದು ತಿರುವಣ್ಣಾಮಲೈ ಕಡೆ."

"ಅದಲ್ಲ. ಮೇಸ್ತ್ರಿ ಅನ್ನೋ ಪದ. ಪೋರ್ಚುಗೀಸರಲ್ಲಿ ಮೆಸ್ತ್ರೆ ಅಂದರೆ ಗುರು, ಕಸುಬಿನ ಯಜಮಾನ. ನೀವು ಹಿಡಿದಿರೋ ಚಾವಿ ಅವರದು, ಅಲ್ಲಿರೋ ಬಾಲ್ದಿ ಅವರದು, ಆ ಅಲಮಾರೂ ಅವರದು."

ಮೇಸ್ತ್ರಿ ಗಾಬರಿಯಾಗಿ ಚಾವಿಯನ್ನು ಟೇಬಲ್ ಮೇಲಿಟ್ಟು ಮನೆಯಾಕೆಯ ಕಡೆ ನೋಡಿದರು. "ಅಲಮಾರು ಬೇರೆಯವರದಾ ಅಮ್ಮಾ? ಹಂಗಾದ್ರೆ ಕೈ ಹಾಕಲ್ಲ." ಅವಳು ಒಳಗಿನಿಂದಲೇ, "ಅವರ ಮಾತಿಗೆಲ್ಲ ಕಿವಿಗೊಡಬೇಡಿ, ಕೆಲಸ ಶುರುಮಾಡಿ" ಎಂದಳು. ರಿಪೇರಿಯ ಆಡಳಿತ ಯಾರ ಕೈಯಲ್ಲಿದೆ ಎಂಬುದು ಅಲ್ಲಿಗೆ ಎಲ್ಲರಿಗೂ ಸ್ಪಷ್ಟವಾಯಿತು.

ಇಟಾಲಿಯನ್ನಿನ ವ್ಯವಹಾರ ಬೇಗ ಮುಗಿಯಿತು. ಕನಕಪುರ ರಸ್ತೆಯ ಒಂದು ಟೈಲ್ಸ್ ಅಂಗಡಿಯಲ್ಲಿ ಹುಡುಗ 'ಇಟಾಲಿಯನ್ ಫಿನಿಷ್' ಎಂದು ಕನ್ನಡಿಯ ಹಾಗೆ ಹೊಳೆಯುವ ಟೈಲ್ ತೋರಿಸಿದ. ಇಟಲಿಯ ಯಾವ ಊರಿನದಪ್ಪಾ ಎಂದು ಕೇಳಿದೆ. ಅವನು ಡಬ್ಬ ತಿರುಗಿಸಿ ಓದಿದ. ಮೊರ್ಬಿ, ಗುಜರಾತ್. "ಫಿನಿಷ್ ಇಟಾಲಿಯನ್ನು ಸಾರ್, ಸ್ಟಾರ್ಟು ಗುಜರಾತು" ಎಂದು ಅವನು ಕೊಟ್ಟ ಉತ್ತರದಲ್ಲಿ ನನಗೆ ಕುಂದು ಕಾಣಲಿಲ್ಲ. ಬಾಲ್ಕನಿಯ ಫ್ರೆಂಚ್ ವಿಂಡೋ ಎನ್ನುವುದು ಕಿಟಕಿಯೇ ಅಲ್ಲ, ಗಾಜಿನ ಬಾಗಿಲು. ಬಾಗಿಲು ಅಂದರೆ ಒಂದು ರೇಟು, ಫ್ರೆಂಚ್ ಅಂದರೆ ಇನ್ನೊಂದು. ಸೀಲಿಂಗಿನ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೆ ಆ ಹೆಸರು ಬಂದದ್ದು ಪ್ಯಾರಿಸ್ಸಿನ ಮೊಂಮಾರ್ತ್ ಗುಡ್ಡದಲ್ಲಿ ಜಿಪ್ಸಮ್ ಅಗೆಯುತ್ತಿದ್ದರೆಂದು. ನಮಗೆ ಬರುವ ಜಿಪ್ಸಮ್ ಹೆಚ್ಚಾಗಿ ರಾಜಸ್ಥಾನದ್ದು. ಗೌರಿ ಗಣೇಶ ಹಬ್ಬ ಬಂದರೆ ಅದೇ ಪ್ಯಾರಿಸ್ಸಿನ ಗಣಪ ಬೇಡ, ಮಣ್ಣಿನ ಗಣಪ ತನ್ನಿ ಎಂದು ಊರೆಲ್ಲ ಬೋರ್ಡು. ವರ್ಷವಿಡೀ ನೆತ್ತಿಯ ಮೇಲೆ ಪ್ಯಾರಿಸ್ ಇಟ್ಟುಕೊಂಡವರಿಗೆ ಹಬ್ಬದ ದಿನ ಮಾತ್ರ ಮಣ್ಣಿನ ಮಗನಾಗುವ ಅವಕಾಶ.

ಸಿಮೆಂಟಿನ ಮೂಟೆಯ ಮೇಲೆ 'ಪೋರ್ಟ್‌ಲ್ಯಾಂಡ್' ಎಂದಿರುವುದನ್ನು ಓದಿ, ಮರಳು ಜರಡಿ ಹಿಡಿಯುತ್ತಿದ್ದ ಮೇಸ್ತ್ರಿಯನ್ನು ನಿಲ್ಲಿಸಿ ಹೇಳಿದೆ. 1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಆಸ್ಪ್‌ಡಿನ್ ಎಂಬ ನಿಮ್ಮದೇ ಕಸುಬಿನವನು ಇದಕ್ಕೆ ಪೇಟೆಂಟ್ ಪಡೆದ, ಗಟ್ಟಿಯಾದ ಮೇಲೆ ಅಲ್ಲಿನ ಪೋರ್ಟ್‌ಲ್ಯಾಂಡ್ ಕಲ್ಲಿನ ಹಾಗೆ ಕಾಣುತ್ತದೆಂದು ಆ ಹೆಸರಿಟ್ಟ, ಈ ಮೂಟೆ ಮಾತ್ರ ನಮ್ಮ ಸೇಡಂನಿಂದ ಬಂದಿದೆ ಎಂದು. ಮೇಸ್ತ್ರಿ ಜರಡಿ ಕೆಳಗಿಟ್ಟು ಪೂರ್ತಿ ಕೇಳಿದರು. ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯ ಶ್ರೋತೃ ಸಿಕ್ಕಿರಲಿಲ್ಲ. ಕೊನೆಗೆ ಕೇಳಿದರು. "ಆವಾಗ ಮೂಟೆ ಎಷ್ಟಿತ್ತು ಸಾರ್?"

ನಿಜವಾದ ಯುದ್ಧ ನಡೆದದ್ದು ಬಾತ್ರೂಮಿನಲ್ಲಿ.

ಅಮ್ಮನಿಗೆ ಮಂಡಿ ನೋವು. ಕೂತರೆ ಏಳಲಾರರು, ಎದ್ದರೆ ಕೂರಲಾರರು. ಆದರೂ "ನನಗೆ ಆ ಕುರ್ಚಿ ಬೇಡ, ನಮ್ಮದೇ ಇರಲಿ" ಎಂದು ಹಟ. ಮನೆಯಾಕೆಗೂ ಮಗಳಿಗೂ ವೆಸ್ಟರ್ನೇ ಆಗಬೇಕು. ಮೇಸ್ತ್ರಿ ಮಧ್ಯೆ ಬಾಯಿ ಹಾಕಿ, "ಇಂಡಿಯನ್ ಅಂದ್ರೆ ಒರಿಸ್ಸಾ ಪ್ಯಾನ್ ಹಾಕ್ಲಾ ಅಮ್ಮಾ?" ಎಂದರು.

"ಒರಿಸ್ಸಾದಿಂದ ಯಾಕಪ್ಪಾ ತರಿಸ್ತೀಯ? ಜಯನಗರದಲ್ಲಿ ಸಿಗಲ್ವಾ?"

"ಹೆಸರೇ ಒರಿಸ್ಸಾ ಪ್ಯಾನ್ ಅಮ್ಮಾ. ಅಂಗಡೀಲಿ ಹಂಗೇ ಕೇಳ್ಬೇಕು."

ಅಮ್ಮನಿಗೆ ಸಮಾಧಾನವಾಗಲಿಲ್ಲ. ಭಾರತೀಯ ಪದ್ಧತಿಯನ್ನು ಕಾಪಾಡಲು ಹೊರಟವರಿಗೆ ಅದನ್ನು ಜಗನ್ನಾಥನ ಊರಿನ ಲೆಕ್ಕಕ್ಕೆ ಬರೆಯುವುದು ಸರಿಬರಲಿಲ್ಲ. "ಇಂಗ್ಲಿಷಿನವರ ಸಹವಾಸವೇ ಬೇಡ. ಅಚ್ಚಕನ್ನಡದಲ್ಲಿ ಹೇಳ್ತೀನಿ ಕೇಳು. ನನಗೆ ಕಕ್ಕಸು ಬೇಕು, ಅಷ್ಟೆ."

ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ನಾನು ಮುಂದೆ ಬಂದೆ. "ಅಮ್ಮಾ, ಕಕ್ಕಸು ಕನ್ನಡ ಅಲ್ಲ. ಡಚ್ಚರದು. ಅವರ ಭಾಷೆಯಲ್ಲಿ ಕಕ್‌ಹೌಸ್ ಎಂಬಂಥ ಒಂದು ಮಾತಿದೆ. ಹೌಸ್ ಅಂದರೆ ಮನೆ. ಕಕ್ ಅಂದರೆ ನೀನು ಅಂದುಕೊಂಡಿದ್ದೇ. ಪುಲಿಕಾಟ್, ನಾಗಪಟ್ಟಣ, ಕೊಚ್ಚಿಯಲ್ಲಿ ಡಚ್ಚರ ಕೋಟೆಗಳಿದ್ದವಲ್ಲ, ಅಲ್ಲಿಂದ ತಮಿಳಿಗೆ ಬಂದು, ಹಾಗೇ ಘಟ್ಟ ಹತ್ತಿ ನಮ್ಮ ಮೈಸೂರು ಸೀಮೆಗೂ ಬಂತು ಅಂತ ಬಲ್ಲವರು ಹೇಳುತ್ತಾರೆ."

ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು. ಮೇಸ್ತ್ರಿ ಟೇಪನ್ನು ಒಳಗೆ ಎಳೆದುಕೊಂಡರು.

"ಅವರು ಇಲ್ಲಿಗೆ ಬಂದದ್ದು ಯಾತಕ್ಕೆ?" ಎಂದರು ಅಮ್ಮ.

"ಮೆಣಸಿಗೆ."

"ಮೆಣಸು ತಗೊಂಡು ಕಕ್ಕಸು ಕೊಟ್ಟುಹೋದರೇನು? ಚೆನ್ನಾಗಿದೆ ವ್ಯಾಪಾರ."

ಇನ್ನು ಕಮೋಡು ಎನ್ನುವುದು ಫ್ರೆಂಚ್ ಮಾತು, ಅಲ್ಲಿ ಅದು ಬಟ್ಟೆಬರೆ ಇಡುವ ಡ್ರಾಯರುಗಳ ಪೀಠೋಪಕರಣ ಎಂದು ಮುಂದುವರಿಸುವವನಿದ್ದೆ. ಮಗಳು ತಡೆದಳು. ಕೊನೆಗೆ ದಾರಿ ತೋರಿಸಿದವರು ಮೇಸ್ತ್ರಿಯೇ. "ಆಂಗ್ಲೋ ಇಂಡಿಯನ್ ಅಂತ ಒಂದು ಬರುತ್ತೆ ಸಾರ್. ಬೇಕಂದ್ರೆ ಕುರ್ಚಿ ಥರಾ ಕೂತ್ಕೊಳ್ಳಿ, ಬೇಡಾಂದ್ರೆ ಮೇಲ್ಹತ್ತಿ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ." ಎರಡು ನಾಗರಿಕತೆಗಳ ಕಾಲಿಗೂ ಜಾಗ ಬಿಟ್ಟು, ಎರಡಕ್ಕೂ ನೆಮ್ಮದಿ ಕೊಡದ ಪಿಂಗಾಣಿ ವಸ್ತು ಅದು. ಬ್ರಿಟಿಷರು ಬಿಟ್ಟುಹೋದ ಇನ್ನೂ ಅನೇಕ ಏರ್ಪಾಡುಗಳು ಹೀಗೇ ಇವೆಯಾದ್ದರಿಂದ ಯಾರೂ ಆಕ್ಷೇಪಿಸಲಿಲ್ಲ. ಅಮ್ಮ ಅದನ್ನು ಸುತ್ತಲೂ ಪರೀಕ್ಷಿಸಿ, ಮೇಲೆ ಹತ್ತುವುದಿಲ್ಲವೆಂದೂ ಹಾಗಂತ ತಾವು ಸೋತೆವೆಂದು ಯಾರೂ ತಿಳಿಯಬಾರದೆಂದೂ ಹೇಳಿದರು.

ಗೋಡೆಗೆ ಬಣ್ಣ ಹೊಡೆಯಲು ಬೀರು ಖಾಲಿ ಮಾಡಬೇಕಾಯಿತು. (ಬೀರು ಫ್ರೆಂಚರ ಬ್ಯೂರೋದ ಮೊಮ್ಮಗ. ಈ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.) ಒಳಗಿನಿಂದ ಹೊರಬಂದದ್ದು ಜರ್ಮನಿ. ಮದುವೆ, ಮುಂಜಿ, ಗೃಹಪ್ರವೇಶ, ಸೀಮಂತ, ಷಷ್ಟಿಪೂರ್ತಿ ಎಂದು ವರ್ಷಗಟ್ಟಲೆ ನಾವು ಹೋದಲ್ಲೆಲ್ಲ ಕೈಗಿತ್ತ ಜರ್ಮನ್ ಸಿಲ್ವರಿನ ಕುಂಕುಮ ಭರಣಿ, ಅರಿಶಿನದ ಬಟ್ಟಲು, ನವಿಲಿನ ಮುಖದ ತಟ್ಟೆ, ಆನೆ ಹೊತ್ತ ದೀಪ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇವನ್ನು ಡಜನ್ ಲೆಕ್ಕದಲ್ಲಿ ಕಟ್ಟಿಕೊಡುತ್ತಾರೆ. ಕೆಲವಕ್ಕೆ ಜರಿ ಚೀಲದ ಗಂಟೂ ಬಿಚ್ಚಿರಲಿಲ್ಲ. ಬಿಚ್ಚಿದ್ದು ಕಂದುಬಣ್ಣಕ್ಕೆ ತಿರುಗಿತ್ತು.

"ಏನೇ ಆಗಲಿ ಬೆಳ್ಳಿ ಬೆಳ್ಳೀನೇ. ಒಂದು ದಿನ ಕರಗಿಸಿದರೆ ನಾಲ್ಕು ಕಾಸು ಬರತ್ತೆ" ಎಂದಳು ಮನೆಯಾಕೆ.

ಹೇಳಬಾರದಿತ್ತು, ಹೇಳಿದೆ. ಅದರಲ್ಲಿ ಇರುವುದು ತಾಮ್ರ, ನಿಕ್ಕಲ್ಲು ಮತ್ತು ಸತು. ಬೆಳ್ಳಿ ಹೆಸರಿಗೆ ಮಾತ್ರ. ಜರ್ಮನಿಯೂ ಅರ್ಧಂಬರ್ಧ. ಚೀನಾದವರು ಬಹಳ ಹಿಂದಿನಿಂದ ಪಾಕ್‌ತಾಂಗ್ ಎಂಬ ಬಿಳಿ ಲೋಹ ಮಾಡುತ್ತಿದ್ದರು, ಅದನ್ನು ನೋಡಿ ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನರು ನಕಲು ಮಾಡಿದರು. ಇಂಗ್ಲಿಷಿನವರು ಅದಕ್ಕೆ ಜರ್ಮನ್ ಬೆಳ್ಳಿ ಎಂದರು.

"ಅಂದರೆ ಇಷ್ಟು ವರ್ಷ ಬೀಗ ಹಾಕಿ ಕಾಪಾಡಿದ್ದು ಚೈನಾ ಮಾಲಾ?"

"ಚೈನಾ ಮಾಲಿನ ನಕಲು" ಎಂದು ತಿದ್ದಿದೆ. ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ.

ಈ ಸಮಯಕ್ಕೆ ಸರಿಯಾಗಿ ಮೊಮ್ಮಗ ರಜೆಗೆ ಬಂದ. ಅವನ ಮನೆ ಬಿಟಿಎಂ ಲೇಔಟಿನಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳನ್ನು ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಬಡಾವಣೆಯಲ್ಲಿ ಬೆಳೆಯುತ್ತಿರುವ ಹುಡುಗನಿಗೆ ಶಾಲೆಯಲ್ಲಿ ಕೊಟ್ಟ ಹೋಂವರ್ಕು ಏನಪ್ಪಾ ಅಂದರೆ, ದೇಶಗಳ ಹೆಸರಿರುವ ಇಂಗ್ಲಿಷ್ ನುಡಿಗಟ್ಟುಗಳನ್ನು ಉದಾಹರಣೆಯೊಂದಿಗೆ ವಿವರಿಸುವುದು. ಅವರಮ್ಮ "ತಾತನ್ನ ಮಾತ್ರ ಕೇಳಬೇಡ" ಎಂದು ಹೇಳಿ ಕಳಿಸಿದ್ದಳಂತೆ. ಹಾಗೆ ಹೇಳಿದ ಮೇಲೆ ಮಕ್ಕಳು ಇನ್ಯಾರನ್ನು ಕೇಳುತ್ತವೆ?

ಡಚ್ ಟ್ರೀಟಿನಿಂದ ಶುರುಮಾಡಿದೆವು. ಹದಿನೇಳನೇ ಶತಮಾನದಲ್ಲಿ ಇಂಗ್ಲಿಷರಿಗೂ ಡಚ್ಚರಿಗೂ ಸಮುದ್ರದಲ್ಲಿ ಮೂರು ಸಲ ಯುದ್ಧವಾಯಿತು. ಫಿರಂಗಿಯಲ್ಲಿ ಆಗದ ಹಗೆಯನ್ನು ಇಂಗ್ಲಿಷರು ನಿಘಂಟಿನಲ್ಲಿ ತೀರಿಸಿಕೊಂಡರು. ಕುಡಿದು ಬಂದ ಧೈರ್ಯ ಡಚ್ ಧೈರ್ಯ. ತಲೆಬುಡ ತಿಳಿಯದ ಮಾತು ಡಬಲ್ ಡಚ್ಚು. ಕರೆದು ಊಟ ಹಾಕಿಸಿ ಅವರವರ ಬಿಲ್ಲು ಅವರವರಿಂದಲೇ ಕೊಡಿಸಿದರೆ ಅದು ಡಚ್ ಉಪಚಾರ. ಮೊಮ್ಮಗನಿಗೆ ಪ್ರಾಯೋಗಿಕವಾಗಿ ತೋರಿಸೋಣವೆಂದು ಮನೆಮಂದಿಯನ್ನೆಲ್ಲ ಹತ್ತಿರದ ದರ್ಶಿನಿಗೆ ಕರೆದುಕೊಂಡು ಹೋದೆ. ಎಲ್ಲರೂ ತಿಂದರು. ಬಿಲ್ಲಿನ ಹೊತ್ತಿಗೆ ಇದು ಡಚ್ ಟ್ರೀಟು ಎಂದು ಪ್ರಕಟಿಸಿದೆ. ಮನೆಯಾಕೆ ತನ್ನ ಕಾಫಿಯ ದುಡ್ಡು ಎಣಿಸಿ ಮೇಜಿನ ಮೇಲಿಟ್ಟಳು. ಅಳಿಯ ತಮ್ಮದಿಟ್ಟರು. ಮಾವನ ಮನೆಗೆ ಬಂದ ಅಳಿಯನ ಕೈಯಲ್ಲಿ ಇಡ್ಲಿಯ ದುಡ್ಡು ಕೊಡಿಸಿದ ಸುದ್ದಿ ಅದೇ ಸಂಜೆ ಬೀಗರ ಮನೆ ಮುಟ್ಟಿತು. ಅಲ್ಲಿಂದ ಅದು ಮೈಸೂರು, ಹಾಸನ ಸುತ್ತಿ ಮರಳಿ ಅಮ್ಮನ ಫೋನಿಗೆ ಬರುವಾಗ "ನಿಮ್ಮ ಮಗನಿಗೆ ಪಿಂಚಣಿ ನಿಂತುಹೋಯಿತಂತೆ" ಎಂದಾಗಿತ್ತು. ಪಟ್ಟಿಯಲ್ಲಿದ್ದ ಚೈನೀಸ್ ವಿಸ್ಪರ್ಸ್ ಎಂಬ ಮಾತಿಗೆ ಮೊಮ್ಮಗ ಇದನ್ನೇ ಉದಾಹರಣೆ ಬರೆದುಕೊಂಡ.

ಅಂದು ಅವನು ತಿಂದದ್ದು ಚೌಚೌ ಭಾತ್. ಭಾತ್ ಎಂದರೆ ಮರಾಠಿಯಲ್ಲಿ ಅನ್ನ, ಇದರಲ್ಲಿ ಒಂದು ಅಗುಳೂ ಇಲ್ಲ. ಚೌಚೌ ಎನ್ನುವುದು ಚೀನಾದ ಬಂದರುಗಳಲ್ಲಿ ಬ್ರಿಟಿಷ್ ವ್ಯಾಪಾರಿಗಳು ಆಡುತ್ತಿದ್ದ ಹರಕುಮುರುಕು ಇಂಗ್ಲಿಷಿನ ಪದ, ಬೆರಕೆ ಎಂದರ್ಥ. ಹೆನ್ರಿ ಯೂಲ್ ಮತ್ತು ಮಂಗಳೂರಿನಲ್ಲೂ ಅಧಿಕಾರಿಯಾಗಿದ್ದ ಎ.ಸಿ. ಬರ್ನೆಲ್ ಸೇರಿ ಮಾಡಿದ 'ಹಾಬ್ಸನ್ ಜಾಬ್ಸನ್' ಎಂಬ ಆಂಗ್ಲೋ ಇಂಡಿಯನ್ ಪದಕೋಶದಲ್ಲಿ ಅದು ಸೇರಿದೆ. 1886ರಲ್ಲಿ ಅಚ್ಚಾದ ಆ ಪುಸ್ತಕದ ಹೆಸರೇ ಮೊಹರಮ್ಮಿನ 'ಯಾ ಹಸನ್, ಯಾ ಹುಸೇನ್' ಕೂಗು ಗೋರಾ ಸಿಪಾಯಿಗಳ ಕಿವಿಯಲ್ಲಿ ಕೆಟ್ಟು ಆದದ್ದು. ಕೇಸರಿಭಾತ್ ಒಂದು ಕಡೆ, ಖಾರಾಭಾತ್ ಒಂದು ಕಡೆ, ಹೆಸರು ಚೀನಾದ್ದು, ಉಪನಾಮ ಮಹಾರಾಷ್ಟ್ರದ್ದು, ಅದನ್ನು ತಿನ್ನದಿದ್ದರೆ ದಕ್ಷಿಣ ಬೆಂಗಳೂರಿನಲ್ಲಿ ಬೆಳಗಾಗುವುದಿಲ್ಲ. ಇದಕ್ಕೆ ಹೋಲಿಸಿದರೆ ಗೋಬಿ ಮಂಚೂರಿಯ ಬಡಪಾಯಿ. ಕಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಕೋಳಿಯಲ್ಲಿ ಮಾಡಿದ್ದನ್ನು ನಾವು ಹೂಕೋಸಿನಲ್ಲಿ ಮಾಡಿಕೊಂಡೆವು. ಮಂಚೂರಿಯಾ ದೇಶಕ್ಕೆ ಇದರ ಗಂಧಗಾಳಿಯಿಲ್ಲ. 2024ರ ಮಾರ್ಚಿನಲ್ಲಿ ಅದಕ್ಕೆ ಬಳಿಯುವ ಕೃತಕ ಬಣ್ಣವನ್ನು ಸರ್ಕಾರ ನಿಷೇಧಿಸಿದಾಗ ಸೂತಕ ಆವರಿಸಿದ್ದು ಮಂಚೂರಿಯಾದಲ್ಲಲ್ಲ, ಬಿಟಿಎಂನ ನನ್ನ ಮಗಳ ಮನೆಯಲ್ಲಿ.

ಹೋಂವರ್ಕು ಮುಂದುವರಿಯಿತು. ಹೇಳದೆ ಕೇಳದೆ ಜಾಗ ಖಾಲಿ ಮಾಡಿದರೆ ಇಂಗ್ಲಿಷರು ಫ್ರೆಂಚ್ ಲೀವ್ ಎನ್ನುತ್ತಾರೆ. ಅದನ್ನೇ ಫ್ರೆಂಚರು 'ಇಂಗ್ಲಿಷರ ಹಾಗೆ ಜಾರಿಕೊಂಡ' ಎನ್ನುತ್ತಾರೆ. ಅರ್ಥವಾಗದ್ದು ಇಂಗ್ಲಿಷರಿಗೆ ಗ್ರೀಕ್, ಗ್ರೀಕರಿಗೆ ಚೈನೀಸ್. ಭಾರತದಲ್ಲಿ ಹುಟ್ಟಿದ ಅಂಕಿಗಳು ಅರಬರ ಮೂಲಕ ಯುರೋಪಿಗೆ ಹೋದದ್ದರಿಂದ ಅಲ್ಲಿ ಅರೇಬಿಕ್. ಅರಬರು ತಮ್ಮ ಅಂಕಿಗಳನ್ನು ಹಿಂದಿನಿಂದ ಹಿಂದೀ ಎಂದೇ ಕರೆದವರು. ನಾವು ಅವನ್ನು ಇಂಗ್ಲಿಷ್ ಅಂಕಿ ಎನ್ನುತ್ತೇವೆ. ಹೆತ್ತವರೇ ಗುರುತು ಹಿಡಿಯದಷ್ಟು ಫಾರಿನ್ ಸುತ್ತಿಬಂದ ಮಗ.

"ಟರ್ಕಿ ಕೋಳಿ ಟರ್ಕಿಯದ್ದೇ ಅಲ್ವಾ ತಾತಾ?" ಎಂದ ಹುಡುಗ. ಅದರ ಕತೆ ಇನ್ನೂ ಘೋರ. ಅದು ಅಮೆರಿಕದ ಕೋಳಿ. ಇಂಗ್ಲಿಷರು ಟರ್ಕಿಯದ್ದು ಎಂದರು. ಟರ್ಕಿಯವರು ನಮ್ಮದಲ್ಲಪ್ಪಾ ಎಂದು ಹಿಂದಿ, ಅಂದರೆ ಇಂಡಿಯಾದ್ದು, ಎಂದರು. ಫ್ರೆಂಚರೂ ಇಂಡಿಯಾದ್ದೆಂದೇ ಹೆಸರಿಟ್ಟರು. ಡಚ್ಚರು ಇನ್ನೂ ಕರಾರುವಾಕ್ಕಾಗಿ ಕಲ್ಲಿಕೋಟೆಯದ್ದು ಎಂದರು. ಪೋರ್ಚುಗೀಸರು ಪೆರು ದೇಶಕ್ಕೆ ತಗುಲಿಹಾಕಿದರು, ಹಿಂದಿಯವರು ಅದನ್ನೇ ಹಿಡಿದು ಪೇರು ಎಂದರು. ಮಲಯಾದವರಿಗೆ ಅದು ಡಚ್ ಕೋಳಿ. ಎಲ್ಲರೂ ತಿಂದರು, ಯಾರೂ ಮನೆಗೆ ಸೇರಿಸಿಕೊಳ್ಳಲಿಲ್ಲ. ನಮ್ಮ ಬಚ್ಚಲಿನ ಟರ್ಕಿ ಟವೆಲ್ಲು ಮಾತ್ರ, ಮೂಲದಲ್ಲಾದರೂ, ನಿಜವಾಗಿ ಟರ್ಕಿಯ ಬುರ್ಸಾ ಊರಿನ ಕಸುಬು. ಸತ್ಯ ಹೇಳುವ ಒಂದೇ ವಸ್ತು ನಮ್ಮ ಮನೆಯಲ್ಲಿ ಅದು.

ಇಂಡಿಯನ್ ಫೈಲ್ ಎಂಬಲ್ಲಿ ತೊಂದರೆಯಾಯಿತು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಡೆಯುವುದಕ್ಕೆ ಆ ಹೆಸರು ಎಂದೆ. ಮೊಮ್ಮಗ ಪೆನ್ನು ಕೆಳಗಿಟ್ಟ. "ತಾತಾ, ಬನಶಂಕರಿ ಬಸ್‌ಸ್ಟ್ಯಾಂಡಲ್ಲಿ ನೋಡಿದೀಯಾ?" ಆ ಇಂಡಿಯನ್ನರು ಅಮೆರಿಕದ ಮೂಲನಿವಾಸಿಗಳು ಕಣೋ ಎಂದ ಮೇಲೆ ಅವನಿಗೆ ನಂಬಿಕೆ ಬಂತು.

ಇಷ್ಟೆಲ್ಲ ಹೇಳಿ, ನೋಡಿದೆಯಾ ಈ ಯುರೋಪಿನವರ ಬುದ್ಧಿಯನ್ನು, ತಮಗೆ ಗೊತ್ತಿಲ್ಲದ್ದನ್ನೆಲ್ಲ ಪಕ್ಕದವರ ಹೆಸರಿಗೆ ಬರೆಯುವುದು ಎಂದು ನಾನು ತೀರ್ಮಾನ ಹೇಳುವ ಹೊತ್ತಿಗೆ ಅಮ್ಮ ಜಪಮಣಿ ನಿಲ್ಲಿಸದೆ, "ನಾವೇನು ಕಮ್ಮಿ? ಸೀಮೆ ಅಂತ ಇಟ್ಟುಕೊಂಡಿಲ್ವಾ?" ಎಂದರು.

ಅದೂ ಹೌದು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಅಕ್ಕಿ, ಸೀಮೆಹುಣಸೆ, ಸೀಮೆಹಸು, ಸೀಮೆಬದನೆ. ಇಂಗ್ಲಿಷರಿಗೆ ಡಚ್ಚು, ಟರ್ಕಿ, ಫ್ರೆಂಚು ಎಂದು ವಿಂಗಡಿಸುವ ತಾಳ್ಮೆಯಾದರೂ ಇತ್ತು. ಕನ್ನಡಿಗರು ಹಡಗಿನಿಂದ ಇಳಿದದ್ದಕ್ಕೆಲ್ಲ ಒಂದೇ ಸೀಲು ಹೊಡೆದರು. ಯಾವ ಸೀಮೆ ಎಂದು ಕೇಳಿದವರಿಲ್ಲ.

ಅಮ್ಮ ಮಾತ್ರ ಈ ವಿಂಗಡಣೆಯನ್ನು ವರ್ಷಕ್ಕೊಮ್ಮೆ ಕಟ್ಟುನಿಟ್ಟಾಗಿ ಮಾಡುತ್ತಾರೆ. ಅಪ್ಪನ ಶ್ರಾದ್ಧದ ದಿನ ನಮ್ಮ ಅಡುಗೆಮನೆಗೆ ಆಲೂಗಡ್ಡೆ, ಟೊಮೆಟೊ, ಹೂಕೋಸು, ಎಲೆಕೋಸು, ಬೀನ್ಸು, ಸೀಮೆಬದನೆ ಯಾವುದಕ್ಕೂ ಪ್ರವೇಶವಿಲ್ಲ. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ ಒಳಗೆ ಬರಬಹುದು. ಖಾರಕ್ಕೆ ಮೆಣಸಿನಕಾಯಿಯೂ ಇಲ್ಲ, ಕಾಳುಮೆಣಸು ಮಾತ್ರ. ಮೆಕ್ಸಿಕೋ ಎಲ್ಲಿದೆ ಎಂದು ಅಮ್ಮನಿಗೆ ಗೊತ್ತಿಲ್ಲ. ಅಲ್ಲಿಂದ ಬಂದದ್ದು ಯಾವುದು ಎಂದು ಚೆನ್ನಾಗಿ ಗೊತ್ತು. ಪೋರ್ಚುಗೀಸರು ಮೆಣಸಿನಕಾಯಿ ತಂದು ಶತಮಾನಗಳಾದರೂ ನಮ್ಮ ಪಿತೃಗಳ ಲೋಕಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಿಘಂಟು ಮಾಡುವವರು ಶಾಸನ, ತಾಳೆಗರಿ ಹುಡುಕಿ ಅಲೆಯುತ್ತಾರೆ. ಒಂದು ಶ್ರಾದ್ಧದ ಅಡುಗೆಯ ಪಟ್ಟಿ ಕೇಳಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು.

ಮೆಣಸಿನಕಾಯಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಮೊದಲು ಮೆಣಸು ಎಂದರೆ ಮೆಣಸೇ, ಕಪ್ಪಗಿನದು. ಹೊಸದಾಗಿ ಬಂದ ಕೆಂಪು ಕಾಯಿಗೆ ನಮ್ಮವರು ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಆಮೇಲೆ ಬಾಡಿಗೆಗೆ ಬಂದವನು ಕೆಳಮನೆ, ಮಹಡಿ, ಗ್ಯಾರೇಜು ಎಲ್ಲ ಹಿಡಿದು, ಓನರು ಮಹಡಿ ಮೇಲಿನ ಸಿಂಗಲ್ ರೂಮಿಗೆ ಹೋಗಬೇಕಾದ ಹಾಗಾಯಿತು. ಈಗ ಹಳೇ ಮೆಣಸೇ ತನ್ನ ಗುರುತಿಗೆ ಕಾಳುಮೆಣಸು, ಕರಿಮೆಣಸು ಎಂದು ಹೇಳಿಕೊಂಡು ತಿರುಗಬೇಕು. ಕರಾವಳಿಯವರು ನ್ಯಾಯವಂತರು. ಅದನ್ನು ಈಗಲೂ ಒಳ್ಳೆಮೆಣಸು ಎನ್ನುತ್ತಾರೆ.

ಇನ್ನು ನಮ್ಮ ಊರಿನ ಹೆಸರು ಹೊರಗಿನವರ ಬಾಯಲ್ಲಿ ಏನಾಗಿದೆ ಎಂದು ನೋಡಬೇಡವೇ? ಒಂದು ಭಾನುವಾರ ಅಳಿಯ ಟೀವಿಯಲ್ಲಿ 'ಸೇವಿಂಗ್ ಪ್ರೈವೇಟ್ ರಯಾನ್' ಹಾಕಿದ್ದರು. ನಾರ್ಮಂಡಿಯ ಕಡಲದಂಡೆಯಲ್ಲಿ ಗುಂಡಿನ ಮಳೆ. ಅದರ ನಡುವೆ ಅಮೆರಿಕದ ಸಿಪಾಯಿಗಳು "ಬ್ಯಾಂಗಲೋರ್! ಬ್ಯಾಂಗಲೋರ್!" ಎಂದು ಕೂಗುತ್ತಿದ್ದಾರೆ. ಅಮ್ಮ ಗಾಬರಿಯಾಗಿ, "ಪಾಪ, ನಮ್ಮೂರ ಹುಡುಗರಾ?" ಎಂದರು. ನಾನು ವಿವರಿಸಿದೆ. ಅದು ಬ್ಯಾಂಗಲೋರ್ ಟಾರ್ಪೆಡೋ. ಮದ್ದು ತುಂಬಿದ ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಮುಳ್ಳುತಂತಿಯ ಕೆಳಗೆ ದೂರದಿಂದ ತಳ್ಳಿ ಸಿಡಿಸುವ ಸಾಧನ. 1912ರಲ್ಲಿ ಇಲ್ಲೇ ಬೆಂಗಳೂರಿನಲ್ಲಿ, ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ್ದು. ಬಾಕಿ ಹಣಕ್ಕೆ ಬಂದು ಕೂತಿದ್ದ ಮೇಸ್ತ್ರಿ ಸಿನಿಮಾವನ್ನು ಕಣ್ಣು ಕಿರಿದು ಮಾಡಿ ನೋಡಿ, "ಜಾಯಿಂಟು ಸರಿ ಕೂತಿಲ್ಲ ಸಾರ್" ಎಂದು ಅಭಿಪ್ರಾಯಪಟ್ಟರು.

ಇನ್ನೊಂದು ಮಾತು ಈ ಶತಮಾನದ ಶುರುವಿನಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅಲ್ಲಿನ ಕೆಲಸ ಹೊರಗುತ್ತಿಗೆಯಾಗಿ ನಮ್ಮ ಕಡೆ ಬಂದು, ಅಲ್ಲಿನವನು ಮನೆಗೆ ಹೋದರೆ ಅವನು ಬ್ಯಾಂಗಲೋರ್ಡ್ ಆದ ಎಂದು ಕ್ರಿಯಾಪದ ಮಾಡಿಕೊಂಡರು. ನಮ್ಮ ಕೆಂಪೇಗೌಡರ ಊರು ಇಂಗ್ಲಿಷಿಗೆ ಕೊಟ್ಟದ್ದು ಹೀಗೆ ಎರಡು. ಒಂದು ಬಾಂಬು, ಒಂದು ನೌಕರಿ ನಷ್ಟ. ಡಚ್ಚರ ಮೇಲೆ ನಾನು ತೋರಿಸುತ್ತಿದ್ದ ಕನಿಕರದಲ್ಲಿ ಸ್ವಲ್ಪವನ್ನು ನಮಗೂ ಉಳಿಸಿಕೊಳ್ಳಬೇಕಿತ್ತು ಅನ್ನಿಸಿತು.

ಮರ್ಯಾದೆ ಉಳಿಸಿದವರು ತಮಿಳರು. ಅಂದು ಮೇಸ್ತ್ರಿಗೆ ನಮ್ಮಲ್ಲೇ ಊಟ. ಸೀಮೆಬದನೆಕಾಯಿ ಕೂಟು. ಎರಡನೇ ಸಲ ಬಡಿಸಿಕೊಂಡು, "ಬೆಂಗಳೂರು ಕತ್ತರಿಕ್ಕಾ ಚೆನ್ನಾಗಿದೆ ಅಮ್ಮಾ" ಎಂದರು. ಮನೆಯಾಕೆ, "ಇದು ಸೀಮೆಬದನೆ" ಎಂದಳು. "ನಮ್ಮೂರಲ್ಲಿ ಬೆಂಗಳೂರು ಕತ್ತರಿಕ್ಕಾನೇ ಅನ್ನೋದು. ಇಲ್ಲಿಂದ್ಲೇ ಅಲ್ವಾ ಬಂದಿದ್ದು?" ತೆಲುಗರೂ ಅದನ್ನು ಬೆಂಗಳೂರು ವಂಕಾಯ ಎನ್ನುತ್ತಾರೆ. ನಾವು ಪರದೇಶದ್ದು ಎಂದು ಹೆಸರಿಟ್ಟು ದೂರ ಕೂರಿಸಿದ ಕಾಯಿಯನ್ನು ಅಕ್ಕಪಕ್ಕದ ರಾಜ್ಯದವರು ನಮ್ಮ ಊರಿನ ಹೆಸರಿನಲ್ಲಿ ತಿನ್ನುತ್ತಿದ್ದಾರೆ. ಅದು ಬದನೆಯೂ ಅಲ್ಲ. ಸೌತೆ, ಕುಂಬಳದ ಬಳಗದ್ದು. ಹುಟ್ಟೂರು ಮೆಕ್ಸಿಕೋ ಕಡೆ, ಅಲ್ಲಿನ ನಹುವಾತ್ಲ್ ಭಾಷೆಯ ಹೆಸರನ್ನೇ ಸ್ಪ್ಯಾನಿಷರು ಚಯೋತೆ ಮಾಡಿಕೊಂಡರು ಎಂದು ನಾನು ಬಾಯಿ ತೆರೆದೆ. ಮನೆಯಾಕೆ ಆ ಬಾಯಿಗೆ ಸರಿಯಾಗಿ ಇನ್ನೊಂದು ಸೌಟು ಕೂಟು ಬಡಿಸಿದಳು. ತಿನ್ನುವಾಗ ಮಾತಾಡಬಾರದೆಂದು ಅಮ್ಮ ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದಾರೆ.

ಬಾಂಬಿಗಿಂತ ಬದನೆ ವಾಸಿ. ನೀವೂ ಜಯನಗರ ನಾಲ್ಕನೇ ಬ್ಲಾಕಿನ ಮಾರ್ಕೆಟ್ಟಿಗೆ ಹೋದಾಗ ಒಮ್ಮೆ 'ಬೆಂಗಳೂರು ಬದನೆ ಕೊಡಿ' ಎಂದು ಕೇಳಿ ನೋಡಿ. ಉಗುರು ಚುಚ್ಚಿದರೆ ನೀರಾಡುವಂಥ ಎಳೆಯ ಕಾಯಿ ಆರಿಸಿ. ಹೆಚ್ಚುವಾಗ ಕೈಗೆ ಅಂಟು ಹತ್ತುತ್ತದೆ, ನೀರಿನಲ್ಲಿ ಹಿಡಿದು ಹೆಚ್ಚಿ. ಸಿಪ್ಪೆ ಮಾತ್ರ ಎಸೆಯಬೇಡಿ. ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಕಾಯಿತುರಿ ಹಾಕಿ ಹುರಿದು ರುಬ್ಬಿದರೆ ಬಿಸಿ ಅನ್ನಕ್ಕೆ ಒಳ್ಳೆಯ ಚಟ್ನಿಯಾಗುತ್ತದೆ.